ನೀಲಕಂಠಾಪುರದ ರೈತ ಮತ್ತು ಗಡಿಯ ಕನ್ನಡ

ಚುನಾವಣೆ ಬಂದಾಗಲೆಲ್ಲ ನಮ್ಮವರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಭ್ಯರ್ಥಿಯ ಭಾಷೆ ನೋಡಬೇಕೋ, ಆತ ತರಬಲ್ಲ ನೀರು-ರಸ್ತೆ ನೋಡಬೇಕೋ? ನಮ್ಮಂತೆಯೇ ಗಡಿಯಾಚೆ ಉಳಿದ ಆಂಧ್ರದ ಕನ್ನಡಿಗರ ಅನುಭವವನ್ನು ಇಲ್ಲಿ ಗಮನಿಸಬಹುದು.

ರಾಯದುರ್ಗವು 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅದರ ಮೂರು ಕಡೆಗೂ ಕರ್ನಾಟಕವೇ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಗಳ ಮನೆಮಾತು ಕನ್ನಡ; ಅಲ್ಲಿನ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿಯಾಗಿತ್ತು.

ಈ ಮಡಕಶಿರಾದ ನೀಲಕಂಠಾಪುರದ ಎನ್. ರಘುವೀರಾ ರೆಡ್ಡಿಯವರು ಕೃಷಿಕ ಕುಟುಂಬದಿಂದ ಬಂದು ಕಾನೂನು ಓದಿದವರು. 1989, 1999, 2004ರಲ್ಲಿ ಅಲ್ಲಿಂದಲೇ ಶಾಸಕರಾದರು. 2004ರಲ್ಲಿ ಕೃಷಿ ಮಂತ್ರಿ, ಬಳಿಕ ಕಂದಾಯ ಮಂತ್ರಿ. 2009ರಲ್ಲಿ ಮಡಕಶಿರಾ ಮೀಸಲು ಕ್ಷೇತ್ರವಾದಾಗ ಕಲ್ಯಾಣದುರ್ಗಕ್ಕೆ ಹೋಗಿ ಗೆದ್ದರು. ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ಸೀಮೆಯಲ್ಲಿ ಬೇಸಾಯದ ಮಾತು ಯಾವ ಭಾಷೆಯವನಿಗೂ ತಿಳಿಯುತ್ತದೆ. ಭಾಷೆಯನ್ನೇ ಹಿಡಿದು ನಿಂತಿದ್ದರೆ ಅವರು ಕಲ್ಯಾಣದುರ್ಗವನ್ನು ದಾಟುತ್ತಿದ್ದರೇ? ಸಂದೇಹ.

ನಮ್ಮ ಹಿರಿಯರ ದಾರಿ ಬೇರೆ. 1957ರಲ್ಲಿ ಮಂಜೇಶ್ವರದಿಂದ ಉಮೇಶ ರಾಯರು ಅವಿರೋಧವಾಗಿ ಆರಿಸಿ ಬಂದರು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿಯವರು. ಇವರ ಗೆಲುವಿನ ಹಿಂದೆ ಇದ್ದದ್ದು ಕನ್ನಡದ ಕೂಗು. ಮಂತ್ರಿಗಿರಿ ಅವರಿಗೆ ಸಿಗಲಿಲ್ಲ, ನಿಜ. ಅದರಿಂದ ಅವರ ಶ್ರಮ ವ್ಯರ್ಥವೆನ್ನುವವರ ಮಾತನ್ನು ನಾನು ಒಪ್ಪಲಾರೆ.

ಏಕೆಂದರೆ 2019ರ ನವೆಂಬರಿನಲ್ಲಿ ಆಂಧ್ರ ಸರಕಾರವು ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಹೊರಟಿತು. ತೆಲುಗಿಗೇ ಆ ಗತಿಯಾದರೆ ಗಡಿಯ ಕನ್ನಡ ಶಾಲೆಯ ಪಾಡೇನು? 2020ರ ಏಪ್ರಿಲಿನಲ್ಲಿ ಆ ಆದೇಶಗಳನ್ನು ರದ್ದುಮಾಡಿದ್ದು ಉಚ್ಚ ನ್ಯಾಯಾಲಯ. ರೆಡ್ಡಿಯವರು ಆ ವೇಳೆಗೆ ಅಧಿಕಾರದಲ್ಲಿರಲಿಲ್ಲ. ಊರಿಗೆ ಮರಳಿ ಹೊಲ, ದೇವಸ್ಥಾನಗಳ ಕೆಲಸದಲ್ಲಿದ್ದರು. 2021ರಲ್ಲಿ ಪಂಚಾಯತಿಯ ಮತ ಹಾಕಲು ಪತ್ನಿಯನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದ ಚಿತ್ರ ಎಲ್ಲೆಡೆ ಹರಿದಾಡಿತು. (ಮಾಜಿ ಮಂತ್ರಿಗಳು ಹೀಗೂ ಇರಬಹುದೆಂದು ನಮ್ಮ ಮಕ್ಕಳು ನೋಡಿದ್ದು ಒಳ್ಳೆಯದೇ.) 2023ರಲ್ಲಿ ಅವರು ರಾಜಕೀಯಕ್ಕೆ ಮರಳಿದ್ದು ಕರ್ನಾಟಕದ ಚುನಾವಣೆಯ ಕೆಲಸದ ಮೂಲಕ.

ಕೃಷಿಕನೊಬ್ಬ ಸಂಪುಟಕ್ಕೆ ಹೋದರೆ ಗಡಿಯೂರಿಗೆ ಬಲ ಬರುತ್ತದೆ. ಆದರೆ ಮಂತ್ರಿ ಇಳಿದ ಮೇಲೂ ಶಾಲೆ ಉಳಿಯಬೇಕಲ್ಲ! ಮುಂದಿನ ಸಲ ಮತ ಕೇಳಲು ಅಂಗಳಕ್ಕೆ ಬರುವವರೊಡನೆ ಅಡಿಕೆಯ ಧಾರಣೆಯನ್ನು ಮಾತಾಡಿಯೇ ಆಡುತ್ತೇವೆ. ಅದೇ ಉಸಿರಿನಲ್ಲಿ ಕೇಳೋಣ: ನಮ್ಮ ಕನ್ನಡ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸಲು ತಾವೇನು ಮಾಡುವಿರಿ?