ಸರ್ಕಾರಿ ಗೊಬ್ಬರ, ತಿಪ್ಪೆ ಗೊಬ್ಬರ

ಯೂರಿಯಾ, ಡಿಎಪಿಗೆ ನಮ್ಮ ಹಳಬರು ಇಟ್ಟ ಹೆಸರು ಸರ್ಕಾರಿ ಗೊಬ್ಬರ. ಇನ್ನೊಂದು ತಿಪ್ಪೆ ಗೊಬ್ಬರ. ಯಾವ ಅರ್ಥಶಾಸ್ತ್ರಿಯೂ ಇದಕ್ಕಿಂತ ಕರಾರುವಾಕ್ಕಾಗಿ ಹೇಳಲಾರ. 45 ಕಿಲೋ ಯೂರಿಯಾ ಚೀಲ ನಮಗೆ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ಮಿಕ್ಕಿದ್ದನ್ನು ಸರ್ಕಾರ ತುಂಬುತ್ತದೆ. ತಿಪ್ಪೆಯ ಬೆನ್ನಿಗೆ ಯಾರಿದ್ದಾರೆ? ನಸುಕಿನಲ್ಲೆದ್ದು ಸಗಣಿ ಬಾಚುವ ಅವ್ವ, ಅಷ್ಟೇ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಣ್ಣಂದಿರೇ, ಅವ್ವಂದಿರೇ, ಈ ಲೆಕ್ಕವನ್ನೊಮ್ಮೆ ಕೇಳಿ. 2024-25ರ ಕೇಂದ್ರ ಬಜೆಟ್ಟಿನಲ್ಲಿ ರಸಗೊಬ್ಬರ ಸಬ್ಸಿಡಿಗೆ ಇಟ್ಟದ್ದು 1.64 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ ನೈಸರ್ಗಿಕ ಕೃಷಿ ಮಿಷನ್ನಿಗೆ, ರಾಜ್ಯಗಳ ಪಾಲೂ ಸೇರಿ, ಇಡೀ ದೇಶಕ್ಕೆ 2,481 ಕೋಟಿ. ಒಂದೇ ವರ್ಷದ ಗೊಬ್ಬರದ ದುಡ್ಡಿನಲ್ಲಿ ಅಂಥ 66 ಮಿಷನ್ ನಡೆಸಬಹುದು.

ಇದರೊಳಗೆ ಇನ್ನೊಂದು ಅನ್ಯಾಯ ಅಡಗಿದೆ. ಸಬ್ಸಿಡಿ ಚೀಲದ ಜೊತೆ ಹೋಗುತ್ತದೆ. ಹೆಚ್ಚು ಚೀಲ ಸುರಿದವನಿಗೆ ಹೆಚ್ಚು ಪಾಲು. ಲಿಂಗಸುಗೂರಿನ ಮಸಾರಿ ಹೊಲದಲ್ಲಿ ಮಳೆ ನೆಚ್ಚಿ ಸಜ್ಜೆ, ನವಣೆ ಬಿತ್ತಿ, ನಡುವೆ ತೊಗರಿಯ ಅಕ್ಕಡಿ ಸಾಲು ಬಿಟ್ಟು, ಎರಡು ಬಂಡಿ ತಿಪ್ಪೆ ಗೊಬ್ಬರ ಹಾಕುವ ರೈತನಿಗೆ ಆ 1.64 ಲಕ್ಷ ಕೋಟಿಯಲ್ಲಿ ಬಿಡಿಗಾಸೂ ಇಲ್ಲ. ಮಣ್ಣು ಕಾಯ್ದವನಿಗೆ ಕೊಟ್ಟ ಶಿಕ್ಷೆಯಲ್ಲವೇ ಇದು?

ಮಣ್ಣು ಕಾಯದಿದ್ದರೆ ಏನಾಗುತ್ತದೆಂದು ಮೊನ್ನೆ ಚಿಕ್ಕಪ್ಪನ ಗದ್ದೆಯಲ್ಲಿ ನೋಡಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಎರೆ ಭೂಮಿ. ತಗ್ಗಿನ ಮೂಲೆಯಲ್ಲಿ ಯಾರೋ ಸುಣ್ಣ ಚೆಲ್ಲಿದಂತೆ ಬಿಳಿ ಪದರ. ಕಾಲಿಟ್ಟರೆ ಮೇಲೆ ಹಪ್ಪಳದ ಹಾಗೆ ಮುರಿಯಿತು, ಒಳಗೆ ಜಿಗಿ ಜಿಗಿ. ಅಲ್ಲಿ ನಾಟಿ ಮಾಡಿದ ಸಸಿಗಳು ತುದಿ ಸುಟ್ಟುಕೊಂಡು ನಿಂತಿದ್ದವು. ಚಿಕ್ಕಪ್ಪ ಚೂರು ಮಣ್ಣು ನಾಲಿಗೆಗೆ ಹಚ್ಚಿ ಉಗುಳಿ ಅಂದ: "ತಮ್ಮಾ, ಉಪ್ಪು ಉಣ್ಣಾಕ ಬರ್ತೈತಿ, ಬಿತ್ತಾಕ ಬರಲ್ಲ."

ಇದು ದೇವರು ಕೊಟ್ಟ ಕೇಡಲ್ಲ. ಈ ಎಡದಂಡೆ ಕಾಲುವೆ ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆಂದು ಲೆಕ್ಕ ಹಾಕಿದ್ದು. ಬರದ ಸೀಮೆಗೆ ತೆಳ್ಳಗೆ ಹರಡಬೇಕಾಗಿದ್ದ ನೀರನ್ನು ಭತ್ತಕ್ಕೆ ಕಟ್ಟಿ ನಿಲ್ಲಿಸಿದೆವು. ನಿಂತ ನೀರು ಒಳಗಿನ ಉಪ್ಪನ್ನು ಮೇಲೆ ತಂದಿತು. ಸೋನಾ ಮಸೂರಿಗೆ ಹೆಸರಾದೆವು, ಭತ್ತದ ಕಣಜ ಎಂಬ ಬಿರುದೂ ಬಂತು. ಮೇಲಿನವರು ತೂಬು ಮುರಿದು ಎರಡು ಬೆಳೆ ತೆಗೆದರೆ ಕೆಳಭಾಗದವರು ಕಾಲುವೆಯ 69ನೇ ಮೈಲಿಯ ಗೇಜಿನಲ್ಲಿ ನೀರಿನ ಮಟ್ಟ ನೋಡುತ್ತಾ ರಸ್ತೆ ತಡೆ ಮಾಡಬೇಕು. ಸರ್ಕಾರವನ್ನು ಬೈಯುವ ಮೊದಲು ಈ ಮಾತು ನಮ್ಮ ಎದೆಗೂ ತಾಗಲಿ. ನೀರೂ ಮೊದಲಿನಷ್ಟಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟು ಕೊಚ್ಚಿ ಹೋದಾಗ ಯಾರಿಗೆ ನಿದ್ದೆ ಬಂದಿತ್ತು?

ಮಣ್ಣು ಕೆಟ್ಟಿದೆ, ಹಾಗಂತ ನಾಳೆಯೇ ಯೂರಿಯಾ ನಿಲ್ಲಿಸಿ ಎನ್ನುವವನು ನಾನಲ್ಲ. ಶ್ರೀಲಂಕಾ 2021ರಲ್ಲಿ ರಾತ್ರೋರಾತ್ರಿ ರಸಗೊಬ್ಬರ ನಿಷೇಧಿಸಿ, ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು. ಅಲ್ಲಿ ಬೆಲೆ ತೆತ್ತವನು ರೈತ. ಮಣ್ಣು ಚೇತರಿಸಿಕೊಳ್ಳಲು ವರ್ಷಗಳು ಬೇಕು, ಆ ವರ್ಷಗಳ ನಷ್ಟವನ್ನು ರೈತನೊಬ್ಬನೇ ಹೊರಬಾರದು. ನಾವು ಕೇಳಬೇಕಾದದ್ದು ಇಷ್ಟೇ.

ನಮ್ಮ ರಾಜ್ಯ ರೈತಸಿರಿ ಹೆಸರಿನಲ್ಲಿ ಸಿರಿಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟು ದಾರಿ ತೋರಿಸಿತು. ಎಕರೆಗೆ ನಾಲ್ಕು ಸಾವಿರವಾಯಿತು. ನಾಲ್ಕು ಸಾವಿರಕ್ಕೆ ಭತ್ತ ಬಿಡುವವರಿದ್ದಾರೆಯೇ? ಭತ್ತಕ್ಕೆ ಬೆಂಬಲ ಬೆಲೆ ಇದೆ, ಜೋಳ ಸಜ್ಜೆಗೂ ಇದೆ, ನವಣೆಗೆ ಇಲ್ಲ. ನವಣೆಗೂ ಬೆಲೆ ಕಟ್ಟಲಿ, ಕೊಂಡು ರೇಷನ್ ಅಂಗಡಿಗೆ ಕೊಡಲಿ. ಗದ್ದೆ ಬಿಡಲಾಗದವರಿಗೆ ಕೂರಿಗೆ ಭತ್ತವಿದೆ. ಕೆಸರು ಕಲಸಿ ನಾಟಿ ಮಾಡುವುದಕ್ಕಿಂತ ಕಡಿಮೆ ನೀರು ಸಾಕು. ಅದಕ್ಕೆ ನೆರವು ಕೊಡಲಿ. ಹಸಿರೆಲೆ ಗೊಬ್ಬರದ ಸೆಣಬು, ಡಯಾಂಚ ಬೀಜ ಮಳೆಗೆ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಲಿ. ಸವಳು ಹೊಲಕ್ಕೆ ಬಸಿಗಾಲುವೆ ಸರ್ಕಾರವೇ ತೋಡಲಿ, ಒಬ್ಬ ರೈತನ ಕೈಗೆ ಎಟಕುವ ಕೆಲಸವಲ್ಲ ಅದು. ಎಲ್ಲಕ್ಕಿಂತ ಮುಖ್ಯ, ಲೀಜಿಗೆ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೆವರು ಅವನದು, ನೆರವು ಪೇಟೆಯಲ್ಲಿರುವ ಮಾಲೀಕನ ಖಾತೆಗೆ. ಇದನ್ನು ಸರಿಪಡಿಸದೆ ಎಷ್ಟು ಕೋಟಿ ಸುರಿದರೂ ಮಣ್ಣಿಗೆ ಮುಟ್ಟುವುದಿಲ್ಲ.

ಕೇಳಿದರೆ ಕೊಡುತ್ತಾರೆಯೇ ಎಂದು ಕೈ ಚೆಲ್ಲಬೇಡಿ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಗೆ ಬಂದ ಪಕ್ಷಗಳಿಗೆ ಆ ಟೆಂಟನ್ನು ದಾಟಿ ಹೋಗಲು ಆಗಲಿಲ್ಲ. ನೀರಿಗಾಗಿ ಹಾಗೆ ಕೂತವರು ಮಣ್ಣಿಗಾಗಿ ಒಂದು ದಿನ ಕೂಡಬಾರದೇ?

ರಾಜ್ಯದ ಬಜೆಟ್ ಬರುವ ಮುಂಚೆ ಮೂರೂ ತಾಲ್ಲೂಕಿನವರು ತಮ್ಮ ತಮ್ಮ ಶಾಸಕರ ಮನೆ ಬಾಗಿಲಿಗೆ ಹೋಗೋಣ. ಕಾಲುವೆಯವರು, ಮಳೆಯಾಶ್ರಿತದವರು, ಮೇಲಿನವರು, ಕೆಳಗಿನವರು ಎಲ್ಲರೂ. ಮನವಿ ಪತ್ರ ಇರಲಿ, ಅದು ಫೈಲಿಗೆ. ಜೊತೆಗೆ ನಿಮ್ಮ ಹೊಲದ ಮೂಲೆಯ ಆ ಬಿಳಿ ಮಣ್ಣನ್ನು ಎರಡು ಬೊಗಸೆ ತುಂಬಿಕೊಂಡು ಬನ್ನಿ, ಅವರ ಮೇಜಿನ ಮೇಲೆ ಇಡಲಿಕ್ಕೆ. ತುಂಬಲು ಬೇರೆ ಚೀಲ ಹುಡುಕಬೇಡಿ. ಖಾಲಿ ಯೂರಿಯಾ ಚೀಲ ಎಲ್ಲರ ಮನೆಯಲ್ಲೂ ಬಿದ್ದಿದೆ.