ಅವಕಾಶ ಸಮ, ಕೂಲಿ?

ರಬಕವಿ-ಬನಹಟ್ಟಿಯ ನೇಕಾರನ ಮಗನಿಗೂ ನೂಲು ಕೊಡುವ ಸಾಹುಕಾರನ ಮಗನಿಗೂ ಪರೀಕ್ಷೆಯ ಪ್ರಶ್ನೆಪತ್ರಿಕೆ ಒಂದೇ. ಇದೇ ಸಮಾನ ಅವಕಾಶವಂತೆ! ಶಾಲೆ ಬಿಟ್ಟೊಡನೆ ಒಬ್ಬನು ತಾಯಿಯ ಜತೆ ಕಂಡಿಕೆ ಸುತ್ತಲು ಕೂಡುತ್ತಾನೆ, ಇನ್ನೊಬ್ಬನು ಖಾಸಗಿ ಪಾಠಕ್ಕೆ. ತಂದೆಯ ಕೂಲಿಯೇ ಮಗನ ಅವಕಾಶವನ್ನು ಅಳೆಯುತ್ತಿರುವಾಗ ಗಳಿಕೆಯ ಮಾತು ಬೇಡವೆಂದರೆ ಹೇಗೆ?

ಎಲ್ಲರ ಗಳಿಕೆಯೂ ಕಾಸಿಗೆ ಕಾಸು ಸರಿಯಾಗಬೇಕೆಂದು ನಾವು ಕೇಳುತ್ತಿಲ್ಲ. ಜಮಖಂಡಿ, ಮುಧೋಳ ಪೇಟೆಗಳ ಸಣ್ಣ ವ್ಯಾಪಾರಿಗಳು ಅಂಜಬೇಕಾಗಿಲ್ಲ. ನೇಕಾರನ ಕೈ ಬರಿದಾದರೆ ಅವರ ಗಲ್ಲಾಪೆಟ್ಟಿಗೆಯೂ ಬರಿದೇ. ಆದಾಯದ ಅಂತರವನ್ನು ತಗ್ಗಿಸಲು ಸರಕಾರ ಶ್ರಮಿಸಬೇಕೆಂಬ ಮಾತನ್ನು 1978ರ 44ನೆಯ ತಿದ್ದುಪಡಿಯು ಸಂವಿಧಾನದ 38ನೆಯ ವಿಧಿಗೆ ಸೇರಿಸಿತು. ಆದರೆ ಅದು ನಿರ್ದೇಶಕ ತತ್ತ್ವ. ಕೋರ್ಟಿನಲ್ಲಿ ದಾವೆ ಹೂಡಿ ಪಡೆಯುವಂತಿಲ್ಲ. ಆದುದರಿಂದ ಮತ ಕೇಳಬಂದವರನ್ನೇ ಕೇಳೋಣ: ಸೀರೆಯೊಂದಕ್ಕೆ ಎಷ್ಟು ಕೂಲಿ ಕೊಡಿಸುವಿರಿ?