ಬಾಯಿ ತೆರೆದವರ ಅನ್ನ ಕಸಿಯುವವರು

ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಝಾ ಎಂಬ ಎಂಟು ಅಂತಸ್ತಿನ ಕಟ್ಟಡವೊಂದಿತ್ತು. 2013ರ ಎಪ್ರಿಲ್ 23ರಂದು ಅದರಲ್ಲಿ ಬಿರುಕುಗಳು ಕಾಣಿಸಿಕೊಂಡವು. ಕೆಳಗಿನ ಬ್ಯಾಂಕು ಮತ್ತು ಅಂಗಡಿಗಳು ಬಾಗಿಲು ಮುಚ್ಚಿದವು. ಮೇಲಿನ ಗಾರ್ಮೆಂಟ್ ಕಾರ್ಖಾನೆಗಳ ಕಾರ್ಮಿಕರೂ ಅಂಜಿದರು, ಒಳಹೋಗಲು ಹಿಂಜರಿದರು. ಬಾರದಿದ್ದರೆ ತಿಂಗಳ ಸಂಬಳವಿಲ್ಲ ಎಂಬ ಬೆದರಿಕೆ ಬಂತು. ಮರುದಿನ ಬೆಳಿಗ್ಗೆ ಕಟ್ಟಡ ಕುಸಿದು 1,134 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಬ್ಯಾಂಕಿನ ನೌಕರರಿಗೂ ಹೊಲಿಗೆಯ ಹೆಣ್ಣುಮಕ್ಕಳಿಗೂ ಕಂಡದ್ದು ಒಂದೇ ಬಿರುಕು. ಒಬ್ಬರಿಗೆ ಮನೆಗೆ ಮರಳುವ ಅನುಮತಿಯಿತ್ತು, ಇನ್ನೊಬ್ಬರಿಗೆ ಇರಲಿಲ್ಲ. ಆದ್ದರಿಂದ ಇದನ್ನು ಅಜ್ಞಾನದಿಂದಾದ ದುರಂತವೆಂದು ನಾವು ಕರೆಯಲಾರೆವು. ಆ ಬಳಿಕ ವಿದೇಶಿ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಆದ ಒಪ್ಪಂದದಲ್ಲಿ, ಅಸುರಕ್ಷಿತ ಕಟ್ಟಡವನ್ನು ಪ್ರವೇಶಿಸಲು ನಿರಾಕರಿಸುವ ಹಕ್ಕನ್ನು ವೇತನ ನಷ್ಟವಿಲ್ಲದೆ ಮಾನ್ಯ ಮಾಡಲಾಯಿತು. ಸಾವಿರಕ್ಕೂ ಮಿಕ್ಕಿ ಜೀವಗಳು ಹೋದ ಮೇಲೆ!

ನಮ್ಮ ದೇಶದ ಸ್ಥಿತಿಯೇನು? ಭೋಪಾಲ ದುರಂತದ ನಂತರ, 1987ರ ತಿದ್ದುಪಡಿಯು ಅಪಾಯಕಾರಿ ಪ್ರಕ್ರಿಯೆಗಳ ಕಾರ್ಖಾನೆಗಳಲ್ಲಿ ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕನ್ನು ಕಾರ್ಮಿಕರಿಗೆ ನೀಡಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು, ಪ್ರಾಣಾಪಾಯದ ಶಂಕೆಯಿದ್ದರೆ ಮಾಲಕನಿಗೂ ಇನ್‌ಸ್ಪೆಕ್ಟರ್‌ಗೂ ಏಕಕಾಲದಲ್ಲಿ ತಿಳಿಸಬಹುದೆನ್ನುತ್ತದೆ. ಸ್ವಾಗತಾರ್ಹವೇ. ಆದರೆ ದೂರಿತ್ತ ಮರುವಾರ 'ನಾಳೆಯಿಂದ ಬರಬೇಡ' ಎಂದು ಹೇಳಿದರೆ? ಹಕ್ಕನ್ನು ನೀಡಿದ ಆ 14ನೇ ಸೆಕ್ಷನ್ ಈ ಪ್ರಶ್ನೆಗೆ ಮೌನ ವಹಿಸುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1981ರಲ್ಲೇ ತನ್ನ 155ನೇ ಒಡಂಬಡಿಕೆಯಲ್ಲಿ, ಗಂಭೀರ ಅಪಾಯದಿಂದ ಹಿಂದೆ ಸರಿದ ಕಾರ್ಮಿಕನಿಗೆ ರಕ್ಷಣೆ ಇರಬೇಕೆಂದು ಹೇಳಿತ್ತು.

ಸಾಮಿಲ್‌ಗಳಲ್ಲಿ, ವೆಲ್ಡಿಂಗ್ ಶಾಪ್‌ಗಳಲ್ಲಿ, ಬೆಂಗಳೂರಿನ ಗಾರ್ಮೆಂಟ್‌ಗಳಲ್ಲಿ ದುಡಿಯುವವರು ನಮ್ಮ ಮನೆಮಕ್ಕಳೇ. ಯಂತ್ರದ ಕವಚ ಮುರಿದಿದೆ ಎಂದು ಮಗ ಮನೆಯಲ್ಲಿ ಹೇಳಿದರೆ 'ಸುಮ್ಮನಿರು, ಕೆಲಸ ಹೋದೀತು' ಎನ್ನುವವರೂ ನಾವೇ. ಬಡತನ ಹೇಳಿಸುವ ಮಾತದು, ದೂಷಿಸಲಾರೆವು. ಆದರೆ ಸಮುದಾಯದಲ್ಲಿ ಮಾಲಕರೂ ಇದ್ದಾರಲ್ಲ! ಮಸೀದಿಯ ಕಟ್ಟಡಕ್ಕೆ ಧಾರಾಳ ದೇಣಿಗೆ ನೀಡುವವರು ತಮ್ಮ ಗೋದಾಮಿನ ತಂತಿಗಳ ಬಗ್ಗೆ ದೂರಿದ ಹುಡುಗನನ್ನು ಹೇಗೆ ನಡೆಸಿಕೊಂಡರೆಂದು ಯಾವ ಜಮಾಅತ್ ಕಮಿಟಿಯಾದರೂ ವಿಚಾರಿಸಿದ್ದುಂಟೇ?

ಸರಕಾರವನ್ನು ನಾವು ಕೇಳುವುದಿಷ್ಟೇ: ಸುರಕ್ಷತೆಯ ದೂರಿತ್ತವನನ್ನು ಆರು ತಿಂಗಳೊಳಗೆ ತೆಗೆದುಹಾಕಿದರೆ, ಅದು ಪ್ರತೀಕಾರವಲ್ಲವೆಂದು ಸಾಬೀತುಪಡಿಸುವ ಹೊಣೆ ಮಾಲಕನ ಮೇಲಿರಲಿ. ತೀರ್ಪಿನವರೆಗೆ ಆತನ ಸಂಬಳ ನಿಲ್ಲದಿರಲಿ.